ಒಂದೇ ಕಿವಿಯ ಪಾಠ

ವಾರಕ್ಕೆ ಎರಡು ದಿನ ನಾನು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕುಳಿತು, ಹತ್ತನೇ ತರಗತಿಯ ಪಾಠಗಳನ್ನು ಕನ್ನಡದಲ್ಲಿ ಓದಿ ಬರುತ್ತೇನೆ. ಓದಿದ್ದು ರೆಕಾರ್ಡ್ ಆಗಿ, ಓಪನ್ ಸ್ಕೂಲ್ ಪರೀಕ್ಷೆ ಕಟ್ಟಿದವರ ಫೋನಿಗೆ ಹೋಗುತ್ತದೆ. ಇದಕ್ಕೆ ಆನ್‌ಲೈನ್ ಶಿಕ್ಷಣ ಎಂದು ಹೆಸರು. ಬಸ್ಸು ಮಡಕಶಿರ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಬಂದು, ಮತ್ತೆ ಆಂಧ್ರಕ್ಕೆ ಹೋಗುತ್ತದೆ. ಎರಡು ಸಲ ಗಡಿ ದಾಟಿದರೂ ಕಂಡಕ್ಟರ್ ಭಾಷೆ ಬದಲಿಸುವುದಿಲ್ಲ. ಮೊದಲಿಂದ ಕೊನೆಯವರೆಗೂ ಕನ್ನಡ, ತೆಲುಗು ಎರಡನ್ನೂ ಬೆರೆಸಿಯೇ ಬೈಯುತ್ತಾನೆ.

ಅದಕ್ಕೂ ಮೊದಲು ನಾನು ಹದಿನಾರು ವರ್ಷ ಒಂದು ಕನ್ನಡ ಪತ್ರಿಕೆಗೆ ಗಡಿ ಭಾಗದ ವರದಿಗಾರನಾಗಿದ್ದೆ. ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ನಿಂತ ಲಾರಿಗಳ ಸಾಲು, ರೇಷ್ಮೆಗೂಡಿನ ಮಾರುಕಟ್ಟೆಯ ಜಗಳ, ಕನ್ನಡ ಶಾಲೆಗೆ ಬಾರದ ಪುಸ್ತಕ, ಇವು ನನ್ನ ಸುದ್ದಿಗಳು. ಪತ್ರಿಕೆಯವರು ಗಡಿಯ ಪುಟ ನಿಲ್ಲಿಸಿದರು, ನನ್ನನ್ನೂ ನಿಲ್ಲಿಸಿದರು. ಆ ಹದಿನಾರು ವರ್ಷದಲ್ಲಿ ನನ್ನ ಹಿರಿಯ ಸಂಪಾದಕರು ಮೂರು ಪಾಠ ಕಲಿಸಿದ್ದರು. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ವಿಶೇಷಣ ಹಾಕುವ ಮುನ್ನ ಕೈ ಕಟ್ಟಿಕೊಳ್ಳಬೇಕು. ಅಚ್ಚಾದ ಮೇಲೆ ಮರುದಿನ ಬೆಳಿಗ್ಗೆ ಪುಟವನ್ನು ಓದುಗನ ಹಾಗೆ ಕುಳಿತು ತಾನೇ ಓದಬೇಕು. ಮೂರನೆಯದನ್ನು ನಾನು ಎಲ್ಲಿ ಮರೆತೆ ಎಂಬುದು ಮುಂದೆ ಬರುತ್ತದೆ.

ಕಲ್ಯಾಣದುರ್ಗದ ಆ ಕೋಣೆಯ ಗೋಡೆಗೆ ಗೋಣಿಚೀಲ ಹೊಡೆದಿದ್ದಾರೆ. ಸದ್ದು ಒಳಗೆ ಬರಬಾರದೆಂದು. ಅವು ಕಡಲೆಕಾಯಿ ತುಂಬಿದ್ದ ಹಳೆಯ ಚೀಲಗಳು. ರಸ್ತೆಯ ಸದ್ದು ಹೇಗೂ ಬರುತ್ತದೆ, ಜೊತೆಗೆ ದೂಳೂ ಉದುರುತ್ತದೆ. ಜೀವಕೋಶದ ಪಾಠ ಓದುವಾಗ ನಾನು ಹನ್ನೊಂದು ಸಲ ಸೀನಿದ್ದೇನೆ. ಸಂಸ್ಥೆಯಲ್ಲಿ ನನ್ನನ್ನು ಬಿಟ್ಟರೆ ಇಬ್ಬರೇ. ಒಬ್ಬ ಮಾಲೀಕ. ಬೆಳುಗುಪ್ಪ ಕಡೆಯ ರೈತರ ಮನೆಯವನು. ಯಾವುದೋ ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದು ಬಿಟ್ಟು ಬಂದವನು. ತನ್ನನ್ನು ಡೈರೆಕ್ಟರ್ ಎಂದೇ ಕರೆಯಬೇಕೆಂದು ಹೇಳಿದ್ದ. ಇನ್ನೊಬ್ಬ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನಡುವಯಸ್ಸಿನ ಮನುಷ್ಯ. ಅವನಿಗೆ ಇಲ್ಲಿ ಸೌಂಡ್ ಇಂಜಿನಿಯರ್ ಎಂಬ ಪದವಿ.

ಡೈರೆಕ್ಟರನ ಮೊದಲ ಆಲೋಚನೆ ಸರಿಯಾಗಿತ್ತು ಎಂಬುದನ್ನು ದಾಖಲಿಸಬೇಕು. ಮೊದಲ ದಿನ ಅವನು ಹೇಳಿದ್ದು ಇಷ್ಟು: “ಸಾರ್, ನಮ್ ಜನಕ್ಕೆ ಕೈ ಖಾಲಿ ಇರಾಕಿಲ್ಲ. ಕಡ್ಲೆಕಾಯಿ ಬಿಡಿಸ್ತಾರೆ, ಮಗ್ಗ ನೇಯ್ತಾರೆ, ದಾರ ಸುತ್ತಾರೆ. ಕಿವಿ ಖಾಲಿ ಐತೆ. ಆ ಕಿವಿಗೆ ಪಾಠ ಹಾಕೋಣ.”

ಆ ಒಂದು ಮಾತಿಗಾಗಿ ನಾನು ಸೇರಿದೆ. ಮೊದಲ ಕೆಲವು ವಾರ ಬರೀ ದನಿಯ ಪಾಠಗಳೇ ಹೋದವು. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಆಮೇಲೆ ಡೈರೆಕ್ಟರ್ ಯಾವುದೋ ಆನ್‌ಲೈನ್ ಸಭೆ ನೋಡಿದ.

“ಸಾರ್, ಬರೀ ಮಾತು ಮೆದುಳೊಳಿಕ್ಕೆ ಹೋಗಲ್ವಂತೆ. ಮ್ಯೂಸಿಕ್ ಇದ್ರೇನೇ ಬಾಗ್ಲು ತೆಗೆಯೋದಂತೆ.”

“ಯಾರು ಹೇಳಿದ್ದು?”

“ಯಾರು ಅಂದ್ರೆ... ಇದಿ ಸೈನ್ಸು ಸಾರ್. ಬೆಳಿಗ್ಗೆಯಿಂದ ಊಟದ ಹೊತ್ತಿನವರ್ಗೂ ಕೂತು ನೋಡೀನಿ.”

“ಹೇಳಿದವರ ಹೆಸರು?”

“ಕೋಟು ಹಾಕ್ಕೊಂಡಿದ್ರು ಸಾರ್.”

ಅಂದಿನಿಂದ ಇತಿಹಾಸಕ್ಕೆ ನಗಾರಿ ಬಂತು, ಗಣಿತಕ್ಕೆ ತಬಲ, ವಿಜ್ಞಾನಕ್ಕೆ ಕೊಳಲು. ನೀರಿನ ಅಭಾವದ ಪಾಠಕ್ಕೆ ಧೋ ಎಂದು ಮಳೆ. ಎಲ್ಲವೂ ಒಂದೇ ಕೀಬೋರ್ಡಿನ ಗುಂಡಿಗಳು. ಎರಡನೆಯ ಮಹಾಯುದ್ಧ ಮುಗಿಯುವ ಪ್ಯಾರಾದಲ್ಲಿ ಮದುವೆಯ ನಾಗಸ್ವರ ಕೇಳಿಸಿತು. ಇದೇನೆಂದು ಕೀಬೋರ್ಡಿನವನನ್ನು ಕೇಳಿದೆ.

“ಯುದ್ಧ ಮುಗೀತಲ್ಲ ಸಾರ್. ಖುಷಿ ತಾನೆ?” ಎಂದ. ಅವನ ಮುಖದಲ್ಲಿ ತಮಾಷೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಕೊಡಿಕೊಂಡದ ಬಳಿ ಎರಡು ಲಾರಿ ಡಿಕ್ಕಿಯಾಗಿ ಚಾಲಕ ಸತ್ತ ಸುದ್ದಿಯನ್ನು ನಾನೊಮ್ಮೆ ಕಳಿಸಿದ್ದೆ. ಅದೇ ಸುದ್ದಿ ಸಂಜೆ ಇಲ್ಲಿನ ಕೇಬಲ್ ಟಿವಿಯಲ್ಲಿ ಡೋಲಿನ ಜೊತೆ ಬಂತು. ಸತ್ತವನ ಅಣ್ಣ ಅದನ್ನು ನೋಡುತ್ತ ನನ್ನ ಪಕ್ಕದಲ್ಲೇ ನಿಂತಿದ್ದ. ಹೇಳುವುದಕ್ಕೆ ಏನೂ ಇಲ್ಲದವನು ವಾದ್ಯ ಹಿಡಿಯುತ್ತಾನೆ ಎಂಬುದು ಅಂದಿನಿಂದ ನನ್ನ ಅಭಿಪ್ರಾಯ. ಇದನ್ನು ಸಂಗೀತದ ಮೇಲಿನ ದ್ವೇಷ ಎಂದು ಯಾರೂ ತಿಳಿಯಬೇಕಿಲ್ಲ. ಮಗ್ಗಿಯನ್ನು ರಾಗವಾಗಿ ಹೇಳಿಯೇ ಕಲಿತವನು ನಾನು. ಆ ರಾಗ ಮಗ್ಗಿಯದೇ. ರಾಗ ತೆಗೆದರೆ ಮಗ್ಗಿ ಮರೆತುಹೋಗುತ್ತದೆ. ಇವರ ಕೊಳಲು ತೆಗೆದರೆ ಪಾಠ ಕೇಳಿಸುತ್ತದೆ.

ಮುಂದಿನ ತಿಂಗಳು ಡೈರೆಕ್ಟರ್ ಇನ್ನೊಂದು ಸಭೆ ನೋಡಿ ಬಂದ. ಈ ಸಲ ಎಡಮೆದುಳು, ಬಲಮೆದುಳು. ಪ್ರಶ್ನೆ ಬಲಗಿವಿಗೆ ಹೋಗಬೇಕು, ಉತ್ತರ ಎಡಗಿವಿಗೆ ಹೋಗಬೇಕು. ಉತ್ತರ ಎಡಗಿವಿಯಲ್ಲಿ ನಡೆಯುವಷ್ಟು ಹೊತ್ತು ಬಲಗಿವಿ ಖಾಲಿ ಕೂರಬಾರದು, ಆದ್ದರಿಂದ ಅದಕ್ಕೆ ಕೊಳಲು. ಪ್ರಶ್ನೆ ಕೇಳುವಾಗ ಎಡಗಿವಿಗೂ ಹಾಗೆಯೇ. ಇದನ್ನೆಲ್ಲ ಅವನು ಹಲಗೆಯ ಮೇಲೆ ತಲೆಯ ಚಿತ್ರ ಬರೆದು ವಿವರಿಸಿದ. ತಲೆ ಕುಂಬಳಕಾಯಿಯ ಹಾಗಿತ್ತು.

“ನಾನು ಓದ್ತೀನಿ. ಓದಿದ್ದಕ್ಕೆ ಆಮೇಲೆ ನೀವು ಏನು ಮಾಡ್ತೀರೋ ಮಾಡಿ. ನನಗೆ ಕೇಳಿಸಬೇಡಿ,” ಎಂದೆ.

ಆ ಮಾತು ಹೇಳಿ ಬಸ್ಸು ಹತ್ತುವಾಗ ನನಗೆ ನನ್ನ ಬಗ್ಗೆ ಸಮಾಧಾನವಿತ್ತು. ಅದೊಂದು ನಿಲುವು ಎಂದುಕೊಂಡಿದ್ದೆ.

ಈ ಪಾಠಗಳನ್ನು ಕೇಳುತ್ತಿದ್ದವರಲ್ಲಿ ನನ್ನ ತಂಗಿಯೂ ಒಬ್ಬಳು. ಹಿಂದೂಪುರದ ಅಂಚಿನ ನೇಕಾರರ ಬೀದಿಯಲ್ಲಿ ಅವಳ ಮನೆ. ನಾವು ಹುಟ್ಟಿ ಬೆಳೆದ ಬೀದಿಯೇ ಅದು, ಮದುವೆಯಾಗಿಯೂ ಅವಳು ಅಲ್ಲೇ ಉಳಿದಳು. ಮನೆಯೊಳಗೆ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಎರಡು ಗುಂಡಿಮಗ್ಗ, ಒಂದರಲ್ಲಿ ಅವಳು, ಒಂದರಲ್ಲಿ ಅವಳ ಗಂಡ. ಅವಳು ಓದಿದ್ದು ಒಂಬತ್ತನೇ ತರಗತಿಯವರೆಗೆ, ಕನ್ನಡ ಶಾಲೆಯಲ್ಲಿ. ಆ ವರ್ಷ ಅಪ್ಪನಿಗೆ ಕೆಮ್ಮು ಹೆಚ್ಚಾಗಿ ಮಗ್ಗಕ್ಕೆ ಇಳಿಯಲು ಆಗದೆ ಹೋಯಿತು. ಮನೆಯಲ್ಲಿ ಒಬ್ಬರು ಇಳಿಯಬೇಕಿತ್ತು. ನಾನು ಕಾಲೇಜಿನಲ್ಲಿದ್ದೆ, ಅವಳು ಇಳಿದಳು. ಇದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಚರ್ಚೆ ಮಾಡಿದ ನೆನಪಿಲ್ಲ. ನಾನಂತೂ ಮಾಡಲಿಲ್ಲ.

ಅವಳ ಬೀದಿಯ ಅಂಗನವಾಡಿಯಲ್ಲಿ ಟೀಚರ್ ಹುದ್ದೆ ಖಾಲಿಯಾಗುವುದಿತ್ತು. ಹತ್ತನೇ ತರಗತಿ ಪಾಸಾಗಿರಬೇಕು, ಅದೇ ಊರಿನ ಸೊಸೆಯಾಗಿರಬೇಕು, ಮೂವತ್ತೈದು ದಾಟಿರಬಾರದು. ಎರಡನೆಯದು ಅವಳಿಗಿತ್ತು. ಮೂರನೆಯದು ಆ ವರ್ಷದ ದೀಪಾವಳಿಯವರೆಗೆ ಮಾತ್ರ ಇತ್ತು. ಮೊದಲನೆಯದಕ್ಕೆ ಒಂದೇ ಪರೀಕ್ಷೆ ಉಳಿದಿತ್ತು. ಅದರಲ್ಲಿ ಫೇಲಾದರೆ ಮುಂದಿನ ಸಲ ಪಾಸಾಗಿ ಪ್ರಯೋಜನವಿಲ್ಲ.

“ಗುಂಡಿಯೊಳಗೆ ಕಾಲಿಟ್ಕೊಂಡು ಇಪ್ಪತ್ತು ವರ್ಷ ಆಯ್ತು ಕಣಣ್ಣ,” ಎಂದಿದ್ದಳು. “ಒಂದ್ಸಲ ಕಾಲು ಮೇಲಿಟ್ಟು ಕೂತ್ಕೊಂಡು ಕೆಲ್ಸ ಮಾಡ್ಬೇಕು ಅಂತ.”

“ಫೋನಿಗೆ ಪಾಠ ಬರುತ್ತೆ, ಕೇಳು. ನನ್ನ ದನೀನೇ ಇರುತ್ತೆ,” ಎಂದು ನಾನು ಹೇಳಿದೆ. ನನ್ನ ಮನೆಯಿಂದ ಅವಳ ಮನೆಗೆ ಅರ್ಧ ಗಂಟೆ ನಡಿಗೆ. ಹೋಗಿ ಕೂತು ಪಾಠ ಹೇಳಬಹುದಿತ್ತು. ಹೇಳಲಿಲ್ಲ. ರೆಕಾರ್ಡ್ ಮಾಡಿದ್ದೇನಲ್ಲ, ಸಾಕು ಎಂದುಕೊಂಡೆ. ಹಬ್ಬಕ್ಕೋ ಇನ್ನೊಂದಕ್ಕೋ ಸಿಕ್ಕಾಗ, “ಪಾಠ ಚೆನ್ನಾಗಿದೆಯಾ?” ಎಂದು ಕೇಳುತ್ತಿದ್ದೆ. “ಚೆನ್ನಾಗೈತೆ,” ಎನ್ನುತ್ತಿದ್ದಳು. ಹೌದು ಎಂಬ ಉತ್ತರವನ್ನು ತಾನೇ ಬಾಯಿಗಿಡುವ ಪ್ರಶ್ನೆ ಅದು. ಕಿರಿಯ ವರದಿಗಾರರು ಹಾಗೆ ಕೇಳಿ ಬಂದರೆ ನಾನು ವಾಪಸ್ಸು ಕಳಿಸುತ್ತಿದ್ದೆ.

ಪರೀಕ್ಷೆಗೆ ಏಳು ವಾರ ಇತ್ತು. ಒಂದು ಮಧ್ಯಾಹ್ನ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಅವಳ ಮನೆ ಹೊಕ್ಕೆ. ಮಗ್ಗ ಓಡುತ್ತಿತ್ತು. ಅವಳ ಬಲಗಿವಿಯಲ್ಲಿ ಇಯರ್‌ಫೋನ್, ಎಡಗಿವಿಯದು ಎದೆಯ ಮೇಲೆ ನೇತಾಡುತ್ತಿತ್ತು. ನಮ್ಮ ಬೀದಿಯಲ್ಲಿ ಯಾರೂ ಎರಡೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಡು ಕೇಳಲಿ, ಫೋನಿನಲ್ಲಿ ಮಾತಾಡಲಿ, ಒಂದು ಕಿವಿ ಮಗ್ಗದ್ದು. ಎಳೆ ಕಡಿದರೆ, ಲಾಳಿ ಪೆಟ್ಟಿಗೆಗೆ ಸರಿಯಾಗಿ ಸೇರದಿದ್ದರೆ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಅವಳ ಮಗ್ಗದಲ್ಲಿ ಎಡಗಡೆಯ ಪೆಟ್ಟಿಗೆ ಸಡಿಲ. ಹಾಗಾಗಿ ಎಡಗಿವಿ ಮಗ್ಗಕ್ಕೆ, ಬಲಗಿವಿ ಪಾಠಕ್ಕೆ.

ನನ್ನನ್ನು ಅವಳು ನೋಡಲಿಲ್ಲ. ನೇಯುತ್ತಲೇ ಗಟ್ಟಿಯಾಗಿ, “ಎರಡು. ಮನುಷ್ಯನ ಹೃದಯಕ್ಕೆ ಎರಡು ಕೋಣೆ,” ಎಂದಳು. ಮಗ್ಗದಲ್ಲಿ ಲಾಳಿ ಹತ್ತು ಸಲ ಅತ್ತಿತ್ತ ಓಡಿತು. ಆಮೇಲೆ ಇನ್ನೊಂದು ಉತ್ತರ ಹೇಳಿದಳು.

ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. “ಬಾರಣ್ಣ. ಯಾಕಣ್ಣ ಹಿಂಗೆ? ಬರೀ ಕೇಳ್ತೀಯ, ಒಂದಕ್ಕೂ ಉತ್ತರ ಹೇಳಲ್ವಲ್ಲ! ಥೇಟ್ ಅಪ್ಪನ ಥರಾನೇ ಆಗ್ಬುಟ್ಟೆ ನೀನು.”

ಅಪ್ಪನ ಥರ ಎಂದರೆ ಏನೆಂದು ಹೇಳಬೇಕು. ಅಪ್ಪ ಮಗ್ಗದಲ್ಲಿ ಕುಳಿತು ನಮಗೆ ಪ್ರಶ್ನೆ ಕೇಳುತ್ತಿದ್ದ. ಹದಿನೇಳು ಆರಲಿ ಎಷ್ಟು, ಯಾವ ಹೊಳೆ ಎಲ್ಲಿ ಹುಟ್ಟುತ್ತದೆ, ಹೀಗೆ. ಹತ್ತು ಲಾಳಿ ಓಡುವುದರೊಳಗೆ ಉತ್ತರ ಬರಬೇಕು. ಸರಿಯಾದರೂ ತಪ್ಪಾದರೂ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಮುಂದಿನ ಪ್ರಶ್ನೆ ಕೇಳುತ್ತಿದ್ದ, ಅಷ್ಟೇ. ಅನುಮಾನ ಇದ್ದವರು ಪುಸ್ತಕ ನೋಡಿಕೊಳ್ಳಬೇಕು. ಆ ಬೀದಿಯ ಸುಮಾರು ಮನೆಗಳಲ್ಲಿ ಮಕ್ಕಳಿಗೆ ಹೀಗೆಯೇ ಪಾಠ. ಕೆಮ್ಮು ಬಂದ ಮೇಲೆ ಅಪ್ಪನ ಈ ಪ್ರಶ್ನೆ ಕೇಳುವ ಕೆಲಸವನ್ನು ನಾನು ವಹಿಸಿಕೊಂಡು ತಂಗಿಗೆ ಕೇಳುತ್ತಿದ್ದೆ. ನಾನೂ ಉತ್ತರ ಹೇಳುತ್ತಿರಲಿಲ್ಲ.

“ಹೇಳ್ತೀನಲ್ಲ! ಪ್ರತಿ ಪ್ರಶ್ನೆಗೂ ಉತ್ತರ ಓದಿದ್ದೀನಿ,” ಎಂದೆ.

“ಎಲ್ಲಿ ಓದಿದ್ದೀಯ? ನೀನು ಕೇಳ್ತೀಯ, ಆಮೇಲೆ ಪೀಪಿ ಬತ್ತದೆ. ಪೀಪಿ ನಿಲ್ಲೋದ್ರೊಳಗೆ ನಾನು ಹೇಳ್ಬೇಕು. ಅದಕ್ಕೇ ಅಲ್ವಾ ಪೀಪಿ ಇಟ್ಟಿರೋದು?”

ಇಯರ್‌ಫೋನ್ ತೆಗೆದುಕೊಂಡು ಬಲಗಡೆಯದನ್ನು ಕಿವಿಗೆ ಇಟ್ಟುಕೊಂಡೆ. ನನ್ನ ದನಿ ಪ್ರಶ್ನೆ ಕೇಳಿತು. ಆಮೇಲೆ ಕೊಳಲು. ಮತ್ತೆ ನನ್ನ ದನಿ, ಇನ್ನೊಂದು ಪ್ರಶ್ನೆ. ಪಾಠವನ್ನು ಹಿಂದಕ್ಕೆ ಸರಿಸಿ ಎಡಗಡೆಯದನ್ನು ಇಟ್ಟುಕೊಂಡೆ. ಕೊಳಲು, ಆಮೇಲೆ ನನ್ನ ದನಿ: ನಾಲ್ಕು. ಮನುಷ್ಯನ ಹೃದಯದಲ್ಲಿ ನಾಲ್ಕು ಕೋಣೆಗಳು.

ಅಷ್ಟು ತಿಂಗಳೂ ಉತ್ತರ ಅವಳ ಎದೆಯ ಮೇಲೆ ನೇತಾಡುತ್ತ, ಮಗ್ಗದ ಸದ್ದಿನಲ್ಲಿ, ಯಾರಿಗೂ ಕೇಳಿಸದೆ ಬರುತ್ತಿತ್ತು.

ಎಡಗಡೆಯದನ್ನು ಅವಳ ಕಿವಿಗೂ ಇಟ್ಟು ಕೇಳಿಸಿದೆ. ಮೊದಲು ನಕ್ಕಳು. ಪಕ್ಕದ ಮಗ್ಗದಿಂದ ಅವಳ ಗಂಡ, “ನಿಮ್ಮಣ್ಣ ಅರ್ಧ ಪಾಠ ಕೊಟ್ಟವ್ನೆ, ಇನ್ನರ್ಧ ಇಟ್ಕೊಂಡವ್ನೆ ಕಣೆ,” ಎಂದು ಸೇರಿಸಿದ. ಅವಳ ನಗು ಅಲ್ಲಿಗೇ ನಿಂತಿತು.

“ಹಂಗಾದ್ರೆ ನಾನು ಹೇಳ್ತಿದ್ದುದು ಸರಿಯೋ ತಪ್ಪೋ ಅಣ್ಣ?”

ಪುಸ್ತಕ ತೆಗೆದು ಕುಳಿತೆವು. ಗೊತ್ತಿಲ್ಲದ ಪ್ರಶ್ನೆಗಳ ಉತ್ತರವನ್ನು ಅವಳು ಪುಸ್ತಕದಲ್ಲಿ ಹುಡುಕಿ ಕಲಿತಿದ್ದಳು. ಅವೆಲ್ಲ ಸರಿ ಇದ್ದವು. ಗೊತ್ತಿದೆ ಎಂದುಕೊಂಡವನ್ನು ಹುಡುಕಿರಲಿಲ್ಲ. ಲೋಕಸಭೆಯ ಅವಧಿ ಐದು ವರ್ಷ, ಸರಿ. ರಾಜ್ಯಸಭೆಯ ಸದಸ್ಯರಿಗೂ ಐದೇ ಎಂದಿದ್ದಳು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಏನು ಬೇಕು ಎಂಬುದಕ್ಕೆ, “ಕೈ ಬೆವರು” ಎಂದಿದ್ದಳು. ಮಗ್ಗದಲ್ಲಿ ಹಾಗೆಯೇ ಆಗುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಒಂದೊಂದು ತಪ್ಪನ್ನೂ ದಿನವೂ ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಕಲಿಯದೆ ಇದ್ದಿದ್ದರೆ ಕೆಲಸ ಸುಲಭವಿತ್ತು. ಈಗ ಮೊದಲು ಮರೆಯಬೇಕು.

ಡೈರೆಕ್ಟರನ ಮೇಲೆ ಬಂದ ಸಿಟ್ಟು ಸಂಜೆಯ ಹೊತ್ತಿಗೆ ಜಾಗ ಬದಲಾಯಿಸಿತ್ತು. ಅವನು ಮೂರ್ಖ, ಅದು ಹಳೆಯ ಸುದ್ದಿ. ನಾನು ಅಚ್ಚಾದ ಪುಟವನ್ನು ನೋಡದೆ ಕುಳಿತಿದ್ದೆ. ಒಂದೇ ಒಂದು ಪಾಠವನ್ನು ಪೂರ್ತಿಯಾಗಿ, ಈ ಬೀದಿಯವನ ಹಾಗೆ ಒಂದು ಕಿವಿಗೆ ಇಟ್ಟುಕೊಂಡು ಕೇಳಿದ್ದರೆ ಸಾಕಿತ್ತು. ಕೇಳದೇ ಇದ್ದುದನ್ನು ನಾನು ಅಭಿರುಚಿ ಎಂದು ಕರೆದುಕೊಂಡಿದ್ದೆ.

ಮರುದಿನವೇ ಕಲ್ಯಾಣದುರ್ಗಕ್ಕೆ ಹೋದೆ. ವಿಷಯ ಹೇಳಿದೆ. ಡೈರೆಕ್ಟರ್ ಅಷ್ಟನ್ನೂ ಕೇಳಿ, “ಒಂದು ಕಿವಿಯಾಗೆ ಕೇಳು ಅಂತ ಯಾರ್ ಸಾರ್ ಹೇಳಿದ್ದು ಆಯಮ್ಮನಿಗೆ? ಎರಡೂ ಕಿವಿಗೂ ಹಾಕ್ಕೊಳ್ಳಿ ಅಂತ ಫಸ್ಟ್ ಸ್ಕ್ರೀನ್‌ನಾಗೇ ಐತೆ,” ಎಂದ.

“ಕಿವಿ ಖಾಲಿ ಇದೆ ಅಂದವರು ನೀವು. ಒಂದೇ ಕಿವಿ ಖಾಲಿ ಇರೋದು. ಕೈಯಲ್ಲಿ ಕೆಲಸ ಇರೋರಿಗೆ ಇನ್ನೊಂದು ಕಿವಿ ಕೆಲಸದ ಮೇಲೇ ಇರುತ್ತೆ.”

“ಮಗ್ಗದವರ ಕತೆ ಮಗ್ಗದವರಿಗೆ ಸಾರ್. ಮಿಕ್ಕೋರು ಯಾರೂ ಕಂಪ್ಲೇಂಟ್ ಮಾಡಿಲ್ಲ.”

“ಕಡಲೆಕಾಯಿ ಬಿಡಿಸೋರು, ಮಗು ಆಡಿಸೋರು, ಹಸು ಕಾಯೋರು? ಅವರಿಗೆಲ್ಲ ಎರಡು ಕಿವಿ ಖಾಲೀನಾ?”

“ಸಾರ್, ನೀವು ನ್ಯೂಸ್ ಪೇಪರ್ ಮನಿಷಿ. ನಿಮ್ದೆಲ್ಲ ಹಳೇ ಕಾಲದ್ದು. ಮ್ಯೂಸಿಕ್ ತೆಗೆದ್ಬುಟ್ರೆ ಆಮೇಲೆ ನಮ್ದು ಸ್ಪೆಷಲ್ ಏನುಳೀತದೆ? ನಿಮ್ ದನಿ ಒಂದೇ.”

ಅವನ ಪ್ರಕಾರ ಅದು ಬೈಗುಳ. ಬರೀ ದನಿಯ ಫೈಲುಗಳನ್ನಾದರೂ ಕೊಡಿ ಎಂದೆ. ಸಂಗೀತ ಇಲ್ಲದ್ದನ್ನು ಹೊರಗೆ ಬಿಟ್ಟರೆ ಸಂಸ್ಥೆಯ ಮಾನ ಹೋಗುತ್ತದೆ ಎಂದ. ಮೆಟ್ಟಿಲಿಳಿಯುವಾಗ ಕೀಬೋರ್ಡಿನವನು ಹಿಂದೆ ಬಂದು, “ನಾನು ಕಾಪಿ ಮಾಡ್ಕೊಡ್ತಿದ್ದೆ ಸಾರ್, ಆದ್ರೆ ಅವು ಇಲ್ಲ. ಜಾಗ ಸಾಲ್ದು ಅಂತ ಅಳಿಸ್ಬುಟ್ವಿ. ಕೊಳಲು ಮಾತ್ರ ಸಪರೇಟಾಗಿ ಇಟ್ಟೀನಿ, ಬೇಕಾ?” ಎಂದ. ಈ ಸಲ ಖಂಡಿತ ತಮಾಷೆ ಅಲ್ಲ.

ಪಾಠಗಳನ್ನು ಮೊದಲಿಂದ ಓದಬೇಕಾಯಿತು. ನನ್ನ ಫೋನಿನಲ್ಲಿ, ಅವಳ ಮನೆಯಲ್ಲಿ. ಮೊದಲ ದಿನ ಪ್ರಶ್ನೆ ಮುಗಿದ ಕೂಡಲೇ ಉತ್ತರ ಓದಿ ಕೊಟ್ಟೆ. ಮರುದಿನ ಅವಳು ಬೇಡವೆಂದಳು.

“ಇದು ಓಡ್ತದೆ ಕಣಣ್ಣ. ನಾನು ಹೇಳೋಕೆ ಜಾಗಾನೇ ಇಲ್ಲ. ನೀನು ಕೇಳು, ಸುಮ್ಮನಿರು, ನಾನು ಹೇಳ್ತೀನಿ, ಆಮೇಲೆ ನೀನು ಹೇಳು.”

“ಎಷ್ಟು ಹೊತ್ತು ಸುಮ್ಮನಿರಲಿ?”

“ಎಷ್ಟು ಅಂದ್ರೆ? ಹತ್ತು ಲಾಳಿ. ಮರ್ತೋಯ್ತಾ ನಿಂಗೆ?”

ಮರೆತಿರಲಿಲ್ಲ. ಆದರೆ ಗಡಿಯಾರ ನೋಡಿ ಸುಮ್ಮನಿದ್ದರೆ ಅದು ಹತ್ತು ಲಾಳಿ ಆಗುತ್ತಿರಲಿಲ್ಲ. ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು. ಕೊನೆಗೆ ಅವಳ ಮಗ್ಗದ ಪಕ್ಕದಲ್ಲೇ ಮಣೆ ಹಾಕಿಕೊಂಡು, ಅವಳ ಗಂಡ ನೇಯುತ್ತಿರುವಾಗ ಆ ಸದ್ದನ್ನೇ ಎಣಿಸುತ್ತ ರೆಕಾರ್ಡ್ ಮಾಡಿದೆ. ಪ್ರಶ್ನೆ ಓದುವುದು, ಹತ್ತು ಲಾಳಿ ಎಣಿಸುವುದು, ಉತ್ತರ ಓದುವುದು. ತಪ್ಪಾಗಿ ಬಾಯಿಪಾಠವಾಗಿದ್ದವನ್ನು ಮಾತ್ರ ಮೂರು ಸಲ ಕೇಳುತ್ತಿದ್ದೆ. ರೆಕಾರ್ಡಿಂಗ್‌ನಲ್ಲಿ ಮಗ್ಗದ ಸದ್ದು ಗಟ್ಟಿಯಾಗಿ ಬಂತು, ಒಮ್ಮೆ ಅವಳ ಗಂಡ ಎಳೆ ಕಡಿದು ಬೈದದ್ದೂ ಬಂತು. ತೆಗೆಯಲಿಲ್ಲ. ಮುಗಿದ ಪ್ರತಿಯೊಂದನ್ನೂ ಬಲಗಿವಿಗೆ ಒಮ್ಮೆ, ಎಡಗಿವಿಗೆ ಒಮ್ಮೆ ಇಟ್ಟು ಪೂರ್ತಿ ಕೇಳಿದ ಮೇಲೆಯೇ ಕೊಟ್ಟೆ.

ಕಲ್ಯಾಣದುರ್ಗದ ಗೋಣಿಚೀಲದ ಕೋಣೆ ಹೊರಗಿಡಲು ನೋಡುತ್ತಿದ್ದುದು ಇಂಥ ಸದ್ದನ್ನೇ. ಅವಳಿಗೆ ಅದು ಅಡ್ಡಿಯಾಗಲಿಲ್ಲ. ಒಂದು ದಿನ ಸುಮ್ಮನೆ ನೋಡುತ್ತಿದ್ದೆ: ರೆಕಾರ್ಡಿಂಗಿನ ಲಾಳಿ, ಅವಳ ಕೈಯ ಲಾಳಿ ಎರಡೂ ಜೊತೆಯಲ್ಲಿ ಓಡುತ್ತಿದ್ದವು. ಹತ್ತನೆಯದಕ್ಕೆ ಮುಂಚೆ, “ನಾಲ್ಕು. ಎರಡು ಮೇಲೆ, ಎರಡು ಕೆಳಗೆ,” ಎಂದಳು. ಆಮೇಲೆ ನನ್ನ ದನಿ ಕೇಳಿಸಿಕೊಂಡು, “ಹೂಂ,” ಎಂದಳು, ಒಪ್ಪಿಗೆ ಕೊಡುವವಳ ಹಾಗೆ.

ಪರೀಕ್ಷೆಯ ದಿನಗಳಲ್ಲಿ ಅವಳ ಗಂಡ ಎರಡೂ ಮಗ್ಗ ನಿಲ್ಲಿಸಿ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಸೆಂಟರಿಗೆ ಬಿಟ್ಟು ಬರುತ್ತಿದ್ದ. ವಿಜ್ಞಾನ ಮುಗಿಸಿ ಬಂದವಳು, “ತುಕ್ಕು ಬಂದಿತ್ತು ಕಣಣ್ಣ. ಬೆವರು ಅಂತ ಬರೆಯೋಕೆ ಕೈ ಹೋಯ್ತು, ಹಿಡ್ಕೊಂಡೆ,” ಎಂದಳು.

ಫಲಿತಾಂಶ ಬಂತು. ಸಮಾಜ ವಿಜ್ಞಾನದ ಪೇಪರಿನಲ್ಲಿ ಅಂಚಿನಲ್ಲಿ ನಿಂತಿದ್ದಳು, ಆದರೆ ಒಳಗಿನ ಅಂಚಿನಲ್ಲಿ. ಪಾಸು.

ನಾನು ಆ ಕೆಲಸ ಬಿಟ್ಟೆ ಎಂದು ಬರೆಯಲು ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಈ ಊರುಗಳಲ್ಲಿ ದುಡ್ಡು ಕೊಟ್ಟು ಕನ್ನಡ ಓದಿಸುವವರು ಬೇರೆ ಯಾರೂ ಇಲ್ಲ. ಪ್ರಶ್ನೆ ಉತ್ತರ ಎರಡೂ ಎರಡು ಕಿವಿಗೂ ಬರಬೇಕು ಎಂಬ ಒಂದು ಷರತ್ತು ಹಾಕಿದೆ. ಡೈರೆಕ್ಟರ್ ಒಪ್ಪಿದ. ಆ ಹೊತ್ತಿಗೆ ಅವನು ಮೂರನೆಯ ಸಭೆ ನೋಡಿ ಮೆದುಳಿನ ಬದಿಗಳನ್ನು ಕೈಬಿಟ್ಟಿದ್ದ. ಕೊಳಲನ್ನು ಬಿಡಲಿಲ್ಲ. ಈಗ ಅದು ಮಾತಿನ ಕೆಳಗೆ ಹರಿಯುತ್ತದೆ.

ತಂಗಿ ಪಾಸಾದ ಸುದ್ದಿ ತಿಳಿದ ಕೂಡಲೇ ಅವನಿಗೆ ಅವಳ ಮಾತು ರೆಕಾರ್ಡ್ ಮಾಡಬೇಕೆನ್ನಿಸಿತು. ನಾನು ಬೇಡವೆಂದೆ. ಅವಳು ಬರುತ್ತೇನೆಂದಳು. ಕಲ್ಯಾಣದುರ್ಗ ನೋಡಿರಲಿಲ್ಲವಂತೆ.

ಗೋಣಿಚೀಲದ ಕೋಣೆಯಲ್ಲಿ ಕುಳಿತು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಫೋನಿಗೆ ಪಾಠ ಬಂತು. ಮ್ಯೂಸಿಕ್ ಬಂದಾಗಲೆಲ್ಲ ನಾನೇ ಉತ್ತರ ಹೇಳುತ್ತಿದ್ದೆ. ಆಮೇಲೆ ನೋಡಿದರೆ ಅರ್ಧ ತಪ್ಪು. ನಮ್ಮಣ್ಣ ಮನೆಗೆ ಬಂದು ಮಗ್ಗದ ಪಕ್ಕ ಕೂತು ಮತ್ತೆ ಓದಿಕೊಟ್ಟ, ಅದರಿಂದ ಪಾಸಾದೆ. ಡೈರೆಕ್ಟರ್ ಕಣ್ಣುಮುಚ್ಚಿ ತಲೆಯಾಡಿಸುತ್ತ ಕೇಳಿದ. “ಸೂಪರ್ ಅಮ್ಮಾ,” ಎಂದ.

ಮುಂದಿನ ವಾರ ಅದು ಎಲ್ಲರ ಫೋನಿಗೂ ಬಂತು. ಕೊಳಲು. ಅದರ ಮೇಲೆ ನನ್ನ ತಂಗಿಯ ದನಿ: “ಫೋನಿಗೆ ಪಾಠ ಬಂತು. ಮ್ಯೂಸಿಕ್ ಬಂದಾಗ್ಲೆಲ್ಲ ನಾನೇ ಉತ್ತರ ಹೇಳ್ತಿದ್ದೆ. ಅದ್ರಿಂದ ಪಾಸಾದೆ.” ಮತ್ತೆ ಕೊಳಲು.

ಒಂದು ಪದವನ್ನೂ ಅವನು ಸೇರಿಸಿರಲಿಲ್ಲ. ಕತ್ತರಿಸಿದ್ದನಷ್ಟೇ. ಹದಿನಾರು ವರ್ಷ ಸುದ್ದಿಮನೆಯಲ್ಲಿದ್ದವನು ನಾನು. ಹೀಗೆ ಕತ್ತರಿಸುವ ಕೈಗಳನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ಕತ್ತರಿ ಸಾಕಾಗುತ್ತಿತ್ತು, ಇವನಿಗೆ ಕೊಳಲೂ ಬೇಕಾಯಿತು.

ದೀಪಾವಳಿಗೆ ಹದಿಮೂರು ದಿನ ಇರುವಾಗ ಅರ್ಜಿ ಕೊಡಲು ಹಿಂದೂಪುರದ ಕಚೇರಿಗೆ ಹೋದೆವು. ಅವಳು, ಅವಳ ಗಂಡ, ನಾನು. ಕೌಂಟರಿನಲ್ಲಿದ್ದ ಹೆಂಗಸು ಅಂಕಪಟ್ಟಿ ನೋಡಿದಳು, ಹುಟ್ಟಿದ ದಿನ ನೋಡಿದಳು, ಬೆರಳು ಮಡಿಸಿ ಎಣಿಸಿದಳು. “ಇನ್ನೂ ಹದಿಮೂರು ದಿನ ಐತೆ ಕಣಮ್ಮ,” ಎಂದಳು ತಂಗಿ. ಸೀಲನ್ನು ಕೈಯಲ್ಲಿ ತೆಗೆದುಕೊಂಡವಳು ಹಾಗೇ ನಿಲ್ಲಿಸಿ ನನ್ನ ತಂಗಿಯ ಮುಖ ನೋಡಿದಳು.

“ಅಕ್ಕಾ, ಈ ದನಿ ಎಲ್ಲೋ ಕೇಳೀನಿ. ಫೋನ್‌ನಾಗೆ ಬತ್ತದಲ್ಲ, ಮ್ಯೂಸಿಕ್ ಕೇಳಿ ಪಾಸಾದೋರು, ನೀವೇನಾ? ನಿಜಂಗಾ?”

ನಾನು ಬಾಯಿ ತೆರೆದೆ. ಸ್ಪಷ್ಟೀಕರಣ ಕೊಡುವುದು ನನ್ನ ವೃತ್ತಿಯ ಅಭ್ಯಾಸ. ತಂಗಿ ನನ್ನ ಕಡೆ ತಿರುಗದೆಯೇ ನನ್ನ ಕಾಲು ತುಳಿದಳು. ಇಪ್ಪತ್ತು ವರ್ಷ ಮಗ್ಗ ತುಳಿದ ಕಾಲು ಅವಳದು.

“ಅದೊಂದು ದೊಡ್ಡ ಕತೆ ಕಣಮ್ಮ,” ಎಂದಳು. “ಆಮೇಲೆ ಹೇಳ್ತೀನಿ. ಮೊದ್ಲು ಸೀಲ್ ಒತ್ತು.”

ಆ ಹೆಂಗಸು ನಕ್ಕು ಸೀಲ್ ಒತ್ತಿದಳು. ತಾರೀಕು ಸರಿಯಾಗಿ ಮೂಡಿದೆಯೇ ಎಂದು ನನ್ನ ತಂಗಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಮೂಡಿತ್ತು.

ಆಯ್ಕೆಯ ಪಟ್ಟಿ ಇನ್ನೂ ಬಂದಿಲ್ಲ.